ಅದು ಅಪರೂಪದ ಫೋಟೊ ಅಲ್ಲ, ನಮ್ಮ ಹುಡುಗನ ಎಡಿಟ್

ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ಪುರುಸೊತ್ತು ಮಾಡ್ಕೊಂಡು ಓದಿ. ನನ್ನದೊಂದು ತಪ್ಪೂ ಇದರಲ್ಲಿದೆ, ಅದರ ಹಿಂದಿನ ಇತಿಹಾಸಾನೂ ಇದೆ.

ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಬಾಬಾಸಾಹೇಬರು ಅರಮನೆ ಮುಂದೆ ನಿಂತು ಕೈಕುಲುಕುತ್ತಿರುವ ಒಂದು ಕಪ್ಪುಬಿಳುಪು ಚಿತ್ರ ನಿಮ್ಮಲ್ಲಿ ಕೆಲವರ ಮೊಬೈಲಿಗೆ ಬಂದಿರಬಹುದು. ಕೆಳಗೆ 'ಅಪರೂಪದ ಫೋಟೊ, ಮೈಸೂರು, 1935' ಅಂತ ಬರೆದಿರುತ್ತೆ. ಅದು ಫೋಟೊ ಅಲ್ಲ. ಕಾಟನ್‌ಪೇಟೆಯಲ್ಲಿ ನಮ್ಮ ಸಂಘದ ರೂಮಿನಲ್ಲಿ ಒಬ್ಬ ಹುಡುಗ ಕೂತು ಮಾಡಿದ ಎಡಿಟ್. ಅದನ್ನ ಕಣ್ಣಿಗೆ ಗೊತ್ತಾಗದ ಹಾಗೆ ಮಾಡೋದು ಹೇಗೆ ಅಂತ ಹೇಳಿಕೊಟ್ಟವನು ನಾನೇ.

ಪ್ರತಿ ವರ್ಷ ಏಪ್ರಿಲ್ 14ಕ್ಕೆ ಮೊದಲು ನಮ್ಮ ರೂಮಿನಲ್ಲಿ ಎಡಿಟಿಂಗ್ ಪಂದ್ಯ ನಡೆಯುತ್ತೆ. ಪಂದ್ಯ ಅಂದ್ರೆ ಬಹುಮಾನ-ಗಿಹುಮಾನ ಏನಿಲ್ಲ, ಗೆದ್ದವರಿಗೆ ಬೋಂಡಾ-ಟೀ. ಎಲ್ಲರಿಗೂ ಒಂದೇ ನಾಲ್ಕೈದು ಫೋಟೊ ಕೊಡ್ತೀವಿ. ಒಂದು ವಾರ ಟೈಮು. ಕೆಲವರು ಫೋಟೊಶಾಪ್, ಕೆಲವರು ಕೋರೆಲ್‌ಡ್ರಾ, ಬಹಳಷ್ಟು ಹುಡುಗ್ರು ಮೊಬೈಲಿನ ಪಿಕ್ಸ್‌ಆರ್ಟ್. ಭಾನುವಾರ ಸಂಜೆ ಟೀವಿಗೆ ಹಾಕಿ ಒಂದೊಂದಾಗಿ ನೋಡ್ತೀವಿ. ಮಾಡಿದವನು ಬಾಯಿ ಮುಚ್ಚಿಕೊಂಡು ಕೂತಿರಬೇಕು. ನೋಡಿದವರು ಮೊದಲು ಯಾವುದು ಚೆನ್ನಾಗಿದೆ ಹೇಳಬೇಕು, ಆಮೇಲೆ ಯಾವುದು ಕೂತಿಲ್ಲ ಅಂತ ಹೇಳಬೇಕು. ಬೈಯೋ ಹಾಗಿಲ್ಲ. 'ಚೆನ್ನಾಗಿಲ್ಲ' ಅಂತ ಬರೀ ಹೇಳೋ ಹಾಗೂ ಇಲ್ಲ, ಏನು ಚೆನ್ನಾಗಿಲ್ಲ ಅಂತ ಬೆರಳಿಟ್ಟು ತೋರಿಸಬೇಕು.

ಆ ಹುಡುಗನ ಚಿತ್ರ ಬಂದಾಗ ನಾನು ಮೂರು ಮಾತು ಹೇಳಿದೆ. ಒಂದು, ನಾಲ್ವಡಿಯವರ ಮುಖಕ್ಕೆ ಬೆಳಕು ಎಡದಿಂದ ಬಿದ್ದಿದೆ, ಬಾಬಾಸಾಹೇಬರಿಗೆ ಬಲದಿಂದ. ಒಂದನ್ನ ತಿರುಗಿಸು. ಎರಡು, ಇಬ್ಬರ ಕಾಲ ಕೆಳಗೂ ನೆರಳಿಲ್ಲ, ಗಾಳಿಯಲ್ಲಿ ನಿಂತ ಹಾಗಿದ್ದಾರೆ. ಮೂರು, ಒಂದು ಫೋಟೊ ನಯವಾಗಿದೆ, ಇನ್ನೊಂದು ಒರಟಾಗಿದೆ. ಎರಡರ ಮೇಲೂ ಒಂದೇ ಥರದ ಗ್ರೇನ್ ಹಾಕು. ಅವನು ಮುಂದಿನ ವಾರ ಮೂರನ್ನೂ ಸರಿಮಾಡಿ ತಂದ. 'ಇನ್ನು ಯಾವನಿಗೂ ಗೊತ್ತಾಗಲ್ಲ ಬಿಡು' ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಯಾರಿಗೂ ಗೊತ್ತಾಗಲಿಲ್ಲ. ಅದೇ ಸಮಸ್ಯೆ ಆಯ್ತು.

ಆ ಚಿತ್ರ ಒಬ್ಬರಿಂದ ಒಬ್ಬರಿಗೆ ಹೋಗಿ, ದಾರಿಯಲ್ಲಿ ಯಾರೋ 1935 ಅಂತ ಇಸವಿ ಸೇರಿಸಿ, ಒಂದು ಜಯಂತಿಯ ಬ್ಯಾನರ್ ಮೇಲೆ ಹತ್ತಿತು. ನಮ್ಮ ಏರಿಯಾದ್ದೇ ಒಬ್ಬ ಹುಡುಗಿ, ಡಿಗ್ರಿ ಓದ್ತಿರೋಳು, ಕಾಲೇಜಿನ ಸೆಮಿನಾರಲ್ಲಿ ಮಿಲ್ಲರ್ ಸಮಿತಿ ಬಗ್ಗೆ ಮಾತಾಡುವಾಗ ಆ ಚಿತ್ರ ತೋರಿಸಿದಳು. ಅಲ್ಲಿದ್ದ ಒಬ್ಬರು ಮೇಷ್ಟ್ರು ಕೇಳಿದ್ರಂತೆ: '1935ರಲ್ಲಿ ಅಂಬೇಡ್ಕರ್ ಅವರಿಗೆ 44 ವರ್ಷ. ಈ ಚಿತ್ರದಲ್ಲಿರೋರು ಅರವತ್ತರ ಹತ್ತಿರ ಇದ್ದಾರಲ್ಲಮ್ಮ?' ಕ್ಲಾಸೆಲ್ಲ ನಕ್ಕಿತು. ಹಿಂದಿನಿಂದ ಯಾರೋ 'ಇವರ ಹಿಸ್ಟರಿ ಎಲ್ಲಾ ಫೋಟೊಶಾಪೇ' ಅಂದರು.

ಮೇಷ್ಟ್ರು ಹೇಳಿದ್ದು ನಿಜ. ಬಾಬಾಸಾಹೇಬರು ಹುಟ್ಟಿದ್ದು 1891ರಲ್ಲಿ. ನಾಲ್ವಡಿಯವರು ತೀರಿಕೊಂಡಿದ್ದು 1940ರ ಆಗಸ್ಟ್ 3ಕ್ಕೆ, ಆಗ ಬಾಬಾಸಾಹೇಬರಿಗೆ 49. ನಮ್ಮ ಹುಡುಗ ತಗೊಂಡಿದ್ದು ಕಾನೂನು ಸಚಿವರಾಗಿದ್ದ ಕಾಲದ ಮುಖ. ಅಂದ್ರೆ 1947ರ ಮೇಲಿನದ್ದು. ಬೆಳಕು, ನೆರಳು, ಗ್ರೇನ್ ಎಲ್ಲಾ ನೋಡಿದ ನಾನು ವಯಸ್ಸು ನೋಡಲಿಲ್ಲ.

ಆ ಹುಡುಗಿ ಅವತ್ತು ಸಂಜೆ ರೂಮಿಗೆ ಬಂದಳು. ಅಳಲಿಲ್ಲ, ಜಗಳಾನೂ ಮಾಡಲಿಲ್ಲ. ಒಂದೇ ಮಾತು ಕೇಳಿದಳು. 'ಅಣ್ಣಾ, ಫೋಟೊ ಸುಳ್ಳಾದ್ರೆ ಮಿಲ್ಲರ್ ಕಮಿಟಿನೂ ಸುಳ್ಳಾ?'

ಸುಳ್ಳಲ್ಲ. 1918ರಲ್ಲಿ ನಾಲ್ವಡಿಯವರ ಸರ್ಕಾರ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದು, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ದಾರಿ ಅಲ್ಲಿಂದ ತೆರೆದದ್ದು, ಎಲ್ಲಾ ದಾಖಲೆಯಲ್ಲಿರೋ ಸತ್ಯ. ಅದಕ್ಕೆ ಯಾವ ಹ್ಯಾಂಡ್‌ಶೇಕೂ ಬೇಕಾಗಿರಲಿಲ್ಲ. ನಾವು ಒಂದು ಗಟ್ಟಿ ಸತ್ಯದ ಪಕ್ಕದಲ್ಲಿ ಒಂದು ಚೆಂದದ ಸುಳ್ಳು ತಂದಿಟ್ವಿ. ಸುಳ್ಳು ಬಿದ್ದಾಗ ಸತ್ಯಾನೂ ಎಳ್ಕೊಂಡು ಬಿತ್ತು.

ಅವತ್ತಿಂದ ನಾನು ಈ ಜೋಡಣೆ ಚಿತ್ರಗಳ ಇತಿಹಾಸ ಹುಡುಕಿಕೊಂಡು ಓದೋಕೆ ಶುರು ಮಾಡಿದೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಜೋಡಿಸೋದು ಕಂಪ್ಯೂಟರ್ ಬಂದ ಮೇಲೆ ಶುರುವಾದದ್ದಲ್ಲ. ಫೋಟೊ ಹುಟ್ಟಿ ಇಪ್ಪತ್ತು ವರ್ಷ ಆಗೋದರೊಳಗೇ ಇತ್ತು. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬಣ್ಣ ಅಂದ್ರೆ ಅತಿ ಸೂಕ್ಷ್ಮ. ನೆಲ ಸರಿಯಾಗಿ ಬರೋ ಹೊತ್ತಿಗೆ ಆಕಾಶ ಬರೀ ಬಿಳಿ ಹಾಳೆ ಆಗಿಬಿಡೋದು. ಅದಕ್ಕೆ ಮೋಡಾನ ಬೇರೆ ನೆಗೆಟಿವಿನಿಂದ ತಂದು ಕೂರಿಸೋರು. 1857ರಲ್ಲಿ ಆಸ್ಕರ್ ರೇಲಾಂಡರ್ ಅನ್ನೋರು ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ರು. ಮ್ಯಾಂಚೆಸ್ಟರ್ ಪ್ರದರ್ಶನದಲ್ಲಿ ಇಟ್ಟರು, ವಿಕ್ಟೋರಿಯಾ ರಾಣಿ ಒಂದು ಪ್ರತಿ ಕೊಂಡಳು. ಮರು ವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್ ಸೇರಿಸಿ, ಸಾವಿನ ಹಾಸಿಗೆಯಲ್ಲಿರೋ ಹುಡುಗಿಯ ಚಿತ್ರ ಮಾಡಿದ. ಇಂಥ ಕ್ಷಣಾನ ಫೋಟೊ ತೆಗೀತಾರಾ ಅಂತ ಜನ ಸಿಟ್ಟಾದ್ರು. ಆದರೆ ಆ ಹುಡುಗಿ ಸಾಯ್ತಾ ಇರಲಿಲ್ಲ, ವೇಷ ಹಾಕಿದ್ದಳು.

ಇದು ಕಲೆಯ ದಾರಿ. ಇನ್ನೊಂದು ದಾರಿ ಇದೆ. ಅದು ನಮಗೆ ಸಂಬಂಧಪಟ್ಟದ್ದು.

1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ಹೊರತಂದಿತು. 468 ಫೋಟೊ. ಅದರಲ್ಲಿ ಎಷ್ಟೋ ಮುಖಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ, ಬುಡಕಟ್ಟಿನ ಹೆಸರಿದೆ. ಪಕ್ಕದಲ್ಲಿ ಆ ಜನ ಎಂಥವರು ಅಂತ ತೀರ್ಪು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಹುಟ್ಟಿನಿಂದಲೇ ಕಳ್ಳರು ಅಂತ ಇಡೀ ಸಮುದಾಯಗಳನ್ನ ಪಟ್ಟಿ ಮಾಡಿದ್ರು. ನಮ್ಮ ಹುಬ್ಬಳ್ಳಿಯಲ್ಲಿ ಇವತ್ತಿಗೂ 'ಸೆಟ್ಲ್‌ಮೆಂಟ್' ಅಂತ ಕರೆಯೋ ಜಾಗ ಅಂಥವರನ್ನ ಕೂಡಿಟ್ಟಿದ್ದ ಜಾಗ. ಆ ಪಟ್ಟಿಯಿಂದ ಆ ಜನ ಬಿಡುಗಡೆ ಆಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ, 1952ರಲ್ಲಿ.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಅಂತ ಒಬ್ಬ. ಹುಟ್ಟಿನಲ್ಲೇ ಮೇಲು-ಕೀಳು ಇದೆ ಅನ್ನೋ 'ಯೂಜೆನಿಕ್ಸ್' ಸಿದ್ಧಾಂತಕ್ಕೆ ಆ ಹೆಸರಿಟ್ಟವನೇ ಅವನು. ಜೈಲಿನ ಕೈದಿಗಳ ಫೋಟೊ ತರಿಸಿಕೊಂಡು, ಒಂದೇ ಪ್ಲೇಟಿನ ಮೇಲೆ ಒಂದಾದ ಮೇಲೆ ಒಂದು ಮುಖ ಸ್ವಲ್ಪ ಸ್ವಲ್ಪ ಹೊತ್ತು ಬೀಳಿಸಿದ. ಎಲ್ಲಾ ಮುಖ ಕಲಸಿ ಒಂದು ಮುಖ ಆಯ್ತು. 'ಕಳ್ಳನ ಮುಖ ಹೇಗಿರುತ್ತೆ' ಅಂತ ಕಂಡುಹಿಡಿಯೋದು ಅವನ ಆಸೆ. 1878ರಲ್ಲಿ ಅದನ್ನ ಪ್ರಕಟಿಸಿದ. ಆದರೆ ಆಗಿದ್ದು ಏನು ಗೊತ್ತಾ? ಕಲಸಿದ ಮುಖ ಕಳ್ಳನ ಹಾಗೆ ಕಾಣಲೇ ಇಲ್ಲ. ಬಿಡಿ ಮುಖಗಳಿಗಿಂತ ಸೌಮ್ಯವಾಗಿ, ಸಾಮಾನ್ಯ ಮನುಷ್ಯನ ಹಾಗೆ ಕಾಣ್ತು. ಇದನ್ನ ಗಾಲ್ಟನ್ನೇ ಒಪ್ಪಿಕೊಂಡ. ಅವನ ಯಂತ್ರ ಅವನ ಸಿದ್ಧಾಂತಕ್ಕೇ ಉಲ್ಟಾ ಸಾಕ್ಷಿ ಹೇಳ್ತು. ಆದರೂ ಅವನು ಸಿದ್ಧಾಂತ ಬಿಡಲಿಲ್ಲ.

ನಮ್ಮ ಕಡೆ ಎಡ್ಗರ್ ಥರ್ಸ್ಟನ್ ಟೇಪು ಹಿಡಕೊಂಡು ದಕ್ಷಿಣ ಭಾರತದ ಜಾತಿಗಳ ಮೂಗು, ತಲೆ ಅಳೆದ. 1909ರಲ್ಲಿ ಏಳು ಸಂಪುಟ ಬಂತು. ಹಾಗಾಗಿ ನಮ್ಮ ಜನ ಮೊದಲು ಕ್ಯಾಮೆರಾ ಮುಂದೆ ನಿಂತಿದ್ದು ಬಹುಪಾಲು ಮದುವೆ ಫೋಟೊಗಲ್ಲ, ಮನೆ ಗೋಡೆಗಲ್ಲ. ಮಾದರಿಯಾಗಿ ನಿಂತರು.

ಇದನ್ನ ನೆನಪಿಟ್ಟುಕೊಂಡು ನಮ್ಮ ಪೋಸ್ಟರ್ ನೋಡಿ. ಜಯಂತಿ ಬಂತು ಅಂದ್ರೆ ಬುದ್ಧ, ಬಸವಣ್ಣ, ಫುಲೆ, ಶಾಹು, ನಾಲ್ವಡಿ, ಪೆರಿಯಾರ್, ಬಾಬಾಸಾಹೇಬರು ಎಲ್ಲರೂ ಒಂದೇ ಸಾಲಿನಲ್ಲಿ. ಎರಡೂವರೆ ಸಾವಿರ ವರ್ಷ ಒಂದು ಹಾಳೆಯ ಮೇಲೆ. ಜ್ಯೋತಿಬಾ ಫುಲೆ ತೀರಿಕೊಂಡಿದ್ದು 1890ರ ನವೆಂಬರ್ 28. ಬಾಬಾಸಾಹೇಬರು ಹುಟ್ಟಿದ್ದು ಅದಾಗಿ ನಾಲ್ಕೂವರೆ ತಿಂಗಳಿಗೆ. ಫುಲೆಯವರು ಬಾಬಾಸಾಹೇಬರ ಹೆಗಲ ಮೇಲೆ ಕೈಯಿಟ್ಟ ಯಾವ ಚಿತ್ರ ನೋಡಿದ್ರೂ ಅದು ಜೋಡಣೆನೇ. ಅದನ್ನ ನೋಡಿ ಯಾರೂ ಮೋಸ ಹೋಗಲ್ಲ. ಗುರು-ಶಿಷ್ಯ ಅಂತ ಹೇಳ್ತಿದೆ ಅಂತ ಎಲ್ಲರಿಗೂ ಅರ್ಥ ಆಗುತ್ತೆ.

ರಮಾಬಾಯಿ ತಾಯಿ ತೀರಿಕೊಂಡಿದ್ದು 1935ರ ಮೇ 27. ಆದರೆ ಸಂವಿಧಾನ ಹಿಡಿದ ಬಾಬಾಸಾಹೇಬರ ಪಕ್ಕದಲ್ಲಿ ರಮಾಬಾಯಿ ನಿಂತಿರೋ ಚಿತ್ರ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೀನಿ. ನಮ್ಮ ಮನೆಯಲ್ಲೂ ಇತ್ತು. ಹಸಿದು, ಮಕ್ಕಳನ್ನ ಕಳಕೊಂಡು, ಗಂಡನ ಓದಿಗೆ ಹೆಗಲು ಕೊಟ್ಟ ಆ ತಾಯಿ ಅದನ್ನ ನೋಡಬೇಕಿತ್ತು ಅಂತ ಯಾರಿಗೋ ಅನ್ನಿಸ್ತು, ತಂದು ನಿಲ್ಲಿಸಿದ್ರು. ಅದು ಸುಳ್ಳಲ್ಲ, ಆಸೆ.

ಆ ಆಸೆಗಳು ಹೇಗೆ ತಯಾರಾಗ್ತಿದ್ವು ಅಂತ ನಂಗೆ ಗೊತ್ತು. ನಾನು ಕೆಲಸ ಕಲಿತದ್ದೇ ಕಾಟನ್‌ಪೇಟೆಯ ಒಂದು ಗಲ್ಲಿಯ ಪ್ರೆಸ್ಸಿನಲ್ಲಿ, ತೊಂಬತ್ತರ ದಶಕದಲ್ಲಿ. ಈ ಕಡೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿ, ಆ ಕಡೆ ಮೆಜೆಸ್ಟಿಕ್ಕಿನ ಥಿಯೇಟರುಗಳ ಮುಂದೆ ಆಳೆತ್ತರದ ಕಟೌಟು. ಕಂಪ್ಯೂಟರು ನಮ್ಮ ಪ್ರೆಸ್ಸಿಗೆ ಇನ್ನೂ ಬಂದಿರಲಿಲ್ಲ. ಬ್ರೋಮೈಡ್ ಪ್ರಿಂಟನ್ನ ಬ್ಲೇಡಿನಲ್ಲಿ ಕಟ್ ಮಾಡಿ, ಸಲ್ಯೂಷನ್ ಹಚ್ಚಿ ಆರ್ಟ್ ಕಾರ್ಡಿಗೆ ಅಂಟಿಸೋದು. ಅಂಚು ಕಾಣದ ಹಾಗೆ ಬಿಳಿ ಬಣ್ಣ ತಿದ್ದೋದು. ಆಮೇಲೆ ದೊಡ್ಡ ಕ್ಯಾಮೆರಾದಲ್ಲಿ ಫಿಲಂ ತೆಗೆದು, ಲೈಟ್ ಟೇಬಲ್ ಮೇಲಿಟ್ಟು ಚುಕ್ಕೆಗಳನ್ನ ಕೆಂಪು ಒಪೇಕ್ ಹಚ್ಚಿ ಮುಚ್ಚೋದು. ಫೋಟೊಶಾಪ್ 1990ಕ್ಕೇ ಬಂದಿತ್ತು, ಅದರಲ್ಲಿ ಲೇಯರ್ ಬಂದಿದ್ದು 1994ಕ್ಕೆ. ನಮ್ಮ ಗಲ್ಲಿಗೆ ಬಂದಿದ್ದು ಎಷ್ಟೋ ತಡವಾಗಿ. ಬಾಬಾಸಾಹೇಬರ ಬಹುತೇಕ ಫೋಟೊ ಕಪ್ಪುಬಿಳುಪು. ಪೋಸ್ಟರಿನಲ್ಲಿ ಕಾಣೋ ಆ ನೀಲಿ ಸೂಟಿಗೆ ನೀಲಿ ಹಚ್ಚಿದ್ದು ನನ್ನಂಥ ಕೂಲಿ ಕೈಗಳು.

ಹೀಗಾಗಿ ಜೋಡಣೆ ಅಂದ್ರೆ ನಂಗೆ ನಾಚಿಕೆ ಇಲ್ಲ. ಗಾಲ್ಟನ್ ಹತ್ತಾರು ಮುಖ ಕಲಸಿ ಒಬ್ಬೊಬ್ಬರ ಗುರುತನ್ನೂ ಅಳಿಸಿದ. ನಮ್ಮೋರು ಎಲ್ಲೋ ಒಂಟಿಯಾಗಿ ಬಿದ್ದಿದ್ದ ಮುಖಗಳನ್ನ ತಂದು ಒಂದು ಸಾಲಿನಲ್ಲಿ ನಿಲ್ಲಿಸಿದ್ರು. ಎರಡಕ್ಕೂ ಕತ್ತರಿ ಒಂದೇ, ಕೆಲಸ ಬೇರೆ.

ಆದರೆ ಮೂರನೇದು ಒಂದಿದೆ. ಅಲ್ಲಿ ಜೋಡಣೆ ಸಾಕ್ಷಿಯ ವೇಷ ಹಾಕ್ಕೊಂಡು ಬರುತ್ತೆ.

ಸ್ಟಾಲಿನ್ ಪಕ್ಕದಲ್ಲಿ ಕಾಲುವೆ ದಂಡೆಯ ಮೇಲೆ ನಡೀತಿದ್ದ ಯೆಜೋವ್ ಅನ್ನೋ ಅಧಿಕಾರಿ, ಅವನನ್ನ ಕೊಂದ ಮೇಲೆ ಫೋಟೊದಿಂದಲೂ ಮಾಯ ಆದ. ಅವನಿದ್ದ ಜಾಗದಲ್ಲಿ ಬರೀ ನೀರು. 1950ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಚುನಾವಣೆಯಲ್ಲಿ ಸೆನೆಟರ್ ಟೈಡಿಂಗ್ಸ್ ಅನ್ನೋರನ್ನ ಕಮ್ಯುನಿಸ್ಟ್ ನಾಯಕ ಬ್ರೌಡರ್ ಜೊತೆ ನಿಲ್ಲಿಸಿದ ಚಿತ್ರ ಹಂಚಿದ್ರು. ಅದರ ಕೆಳಗೆ ಇದು ಜೋಡಣೆ ಅಂತ ಬರೆದಿತ್ತು! ಆದರೂ ಜನಕ್ಕೆ ಕಂಡಿದ್ದು ಇಬ್ಬರು ಅಕ್ಕಪಕ್ಕ ಇದ್ದಾರೆ ಅನ್ನೋದು ಮಾತ್ರ. ಟೈಡಿಂಗ್ಸ್ ಸೋತರು. ಸಣ್ಣ ಅಕ್ಷರದಲ್ಲಿ ಬರೆದುಬಿಟ್ರೆ ಜವಾಬ್ದಾರಿ ಮುಗೀತು ಅನ್ನೋ ಹಾಗಿಲ್ಲ ಅಂತ ನಾನು ಕಲಿತದ್ದು ಇಲ್ಲಿ.

2003ರಲ್ಲಿ ಇರಾಕ್ ಯುದ್ಧದ ಒಂದು ಫೋಟೊ. ಲಾಸ್ ಏಂಜಲಿಸ್ ಟೈಮ್ಸಿನ ಫೋಟೊಗ್ರಾಫರ್ ಬ್ರಯಾನ್ ವಾಲ್ಸ್ಕಿ ಎರಡು ಫೋಟೊ ಸೇರಿಸಿ ಒಂದು ಮಾಡಿ ಕಳಿಸಿದ್ದರು. ಹಿಂದೆ ಕೂತಿದ್ದ ಕೆಲವು ಜನ ಎರಡೆರಡು ಸಲ ಕಾಣ್ತಿದ್ರು. ಅದರಿಂದ ಸಿಕ್ಕಿಬಿದ್ರು, ಕೆಲಸ ಹೋಯ್ತು. ಎರಡೂ ಫೋಟೊ ನಿಜವಾದದ್ದೇ, ಸೈನಿಕನೂ ನಿಜ, ಜನಾನೂ ನಿಜ. ಆ ಕ್ಷಣ ಮಾತ್ರ ಇರಲಿಲ್ಲ.

ನಮ್ಮ ದೇಶದಲ್ಲಿ ಇದರ ಬೆಲೆ ಕೆಲಸ ಅಲ್ಲ, ಜೀವ. 2014ರ ಜೂನ್‌ನಲ್ಲಿ ಶಿವಾಜಿ ಮತ್ತು ಬಾಳ ಠಾಕ್ರೆ ಅವರ ಮಾರ್ಫ್ ಮಾಡಿದ ಚಿತ್ರಗಳು ಹರಿದಾಡಿದವು ಅಂತ ಪುಣೆಯಲ್ಲಿ ಗಲಭೆ ಆಯ್ತು. ಆ ಚಿತ್ರಕ್ಕೆ ಯಾವ ಸಂಬಂಧಾನೂ ಇಲ್ಲದ ಒಬ್ಬ ಮುಸ್ಲಿಂ ಹುಡುಗನನ್ನ, ಐಟಿ ಕೆಲಸದವನನ್ನ, ನಮಾಜ್ ಮುಗಿಸಿ ಮನೆಗೆ ಹೋಗ್ತಿದ್ದಾಗ ಹೊಡೆದು ಕೊಂದ್ರು. ಇದನ್ನ ನಾನು ಎಲ್ಲಿ ಕೂತು ಬರೀತಿದ್ದೀನಿ ಗೊತ್ತಲ್ಲ? ಕರಗ ಹೊತ್ತವರು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗೋ ಕಾಟನ್‌ಪೇಟೆಯಲ್ಲಿ. ಒಂದು ಕೆಟ್ಟ ಎಡಿಟ್ ಈ ಗಲ್ಲಿಗಳಲ್ಲಿ ಏನು ಮಾಡಬಹುದು ಅಂತ ಯೋಚಿಸಿದ್ರೆ ನಿದ್ದೆ ಬರಲ್ಲ.

ಇನ್ನು ಫೋಟೊ ಅಂದ್ರೆ ನಮಗೇನು ಅಂತ 2022ರಲ್ಲಿ ಎಲ್ಲರೂ ನೋಡಿದ್ರಿ. ಜನವರಿ 26ಕ್ಕೆ ರಾಯಚೂರಿನ ನ್ಯಾಯಾಲಯದ ಆವರಣದಲ್ಲಿ ಬಾಬಾಸಾಹೇಬರ ಫೋಟೊ ತೆಗೆಸಿದ್ರು ಅನ್ನೋ ಆರೋಪದ ಮೇಲೆ ಇಡೀ ರಾಜ್ಯ ಎದ್ದು ನಿಂತಿತು. ಫೆಬ್ರವರಿಯಲ್ಲಿ ಹೈಕೋರ್ಟು, ರಾಷ್ಟ್ರೀಯ ದಿನಗಳಲ್ಲಿ ನ್ಯಾಯಾಲಯಗಳು ಬಾಬಾಸಾಹೇಬರ ಭಾವಚಿತ್ರ ಇಡಬೇಕು ಅಂತ ಸುತ್ತೋಲೆ ಹೊರಡಿಸಿತು. ಫೆಬ್ರವರಿ 19ಕ್ಕೆ ಬೆಂಗಳೂರಿನ ರಸ್ತೆ ನೀಲಿ ಆಯ್ತು. ಒಂದು ನಿಜವಾದ ಫೋಟೊ ಇಡೋದಕ್ಕೆ ಇಷ್ಟು ಹೋರಾಡಬೇಕಾದ ಜನ, ಒಂದು ಸುಳ್ಳು ಫೋಟೊನ ಸುಮ್ಮನೆ ಹರಿಯೋಕೆ ಬಿಡಬಹುದಾ?

ಈ ನಗರದಲ್ಲಿ ಫೋಟೊ ವಿಮರ್ಶೆಯ ದೊಡ್ಡ ಪರಂಪರೆ ಇದೆ. ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೊಗ್ರಫಿ ಹುಟ್ಟಿತು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಂತು. ಒಬ್ಬರ ಚಿತ್ರ ಗೋಡೆಗೆ ಹಾಕಿ ಹತ್ತು ಜನ ತಪ್ಪು-ಒಪ್ಪು ಹೇಳೋ ಪದ್ಧತಿ ಅಂಥ ಕಡೆ ಬೆಳೀತು. ಕ್ಯಾಮೆರಾ ಕೊಳ್ಳೋ ಶಕ್ತಿ ಇಲ್ಲದ ನಮ್ಮೋರು ಆ ಕೋಣೆಗಳಲ್ಲಿ ಎಷ್ಟು ಜನ ಇರೋಕೆ ಸಾಧ್ಯ ಇತ್ತು ಅನ್ನೋದು ಬೇರೆ ಮಾತು. ಆದರೆ ಅಂಥ ಸ್ಪರ್ಧೆಗಳಿಂದ ಕಲಿಯೋದು ಒಂದಿದೆ. ವನ್ಯಜೀವಿ ವಿಭಾಗಕ್ಕೆ ಚಿತ್ರ ಕಳಿಸಿದ್ರೆ ಏನನ್ನೂ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ, ಜಾಗ ಬದಲಿಸೋ ಹಾಗಿಲ್ಲ. ಕ್ರಾಪ್ ಮಾಡಬಹುದು. ಜೋಡಣೆ ಮಾಡಬೇಕಾ, ಅದಕ್ಕೆ ಬೇರೆ ವಿಭಾಗ ಇದೆ, ಅಲ್ಲಿ ಏನು ಬೇಕಾದ್ರೂ ಮಾಡು. ಹುಲಿ ನಿಜವಾಗಿ ಅಲ್ಲಿತ್ತಾ ಇಲ್ವಾ ಅನ್ನೋದಕ್ಕೆ ಇಷ್ಟು ಕಟ್ಟುನಿಟ್ಟು ಇದೆ. ನಮ್ಮ ಇತಿಹಾಸ ಹುಲಿಗಿಂತ ಕಡಿಮೆನಾ?

ನಮ್ಮ ಹಿರಿಯರ ಬಗ್ಗೆ ಕಾಗದ ಕಡಿಮೆ. ಬರೆಯೋ ಹಕ್ಕು ಇದ್ದೋರು ನಮ್ಮನ್ನ ಬರೀಲಿಲ್ಲ, ಬರೆದ್ರೂ ಥರ್ಸ್ಟನ್ ಥರ ಬರೆದ್ರು. ಇರೋ ಹತ್ತು ನಿಜವಾದ ಫೋಟೊ ನಮ್ಮ ಆಸ್ತಿ. ಹನ್ನೊಂದನೇದು ನಕಲಿ ಅಂತ ಸಿಕ್ಕಿಬಿದ್ರೆ ಎದುರಿನವರು ಹನ್ನೊಂದನ್ನೂ ಕಸದಬುಟ್ಟಿಗೆ ಹಾಕ್ತಾರೆ. ಅವರ ಹತ್ತಿರ ಸುಳ್ಳು ಇದ್ರೂ ನಡೆಯುತ್ತೆ, ಅಧಿಕಾರ ಇದೆ. ನಮ್ಮ ಹತ್ತಿರ ಸತ್ಯ ಬಿಟ್ರೆ ಇನ್ನೇನಿದೆ?

ಅದಕ್ಕೇ ಪಂದ್ಯ ನಿಲ್ಲಿಸಲಿಲ್ಲ, ನಿಯಮ ಬದಲಿಸಿದ್ವಿ. ನಿಮ್ಮೂರಲ್ಲಿ ಮಾಡೋರಿದ್ರೆ ತಗೊಳ್ಳಿ.

ಜೋಡಿಸಿದ ಚಿತ್ರದ ಪಕ್ಕದಲ್ಲೇ ಮೂಲ ಫೋಟೊಗಳನ್ನೂ ತೋರಿಸಬೇಕು. 'ಜೋಡಿಸಿದ ಚಿತ್ರ' ಅಂತ ಚಿತ್ರದ ಒಳಗೇ, ಕ್ರಾಪ್ ಮಾಡಿದ್ರೂ ಹೋಗದ ಜಾಗದಲ್ಲಿ, ಕಣ್ಣಿಗೆ ಕಾಣೋ ಅಕ್ಷರದಲ್ಲಿ ಇರಬೇಕು. ಹಳೇದು ಅಂತ ಕಾಣಿಸೋಕೆ ಗ್ರೇನ್, ಕಂದು ಬಣ್ಣ, ಹರಿದ ಅಂಚು ಹಾಕೋ ಹಾಗಿಲ್ಲ. ಕೈಕುಲುಕೋದು, ಕಾಗದ ಕೊಡೋದು, ಒಂದೇ ಮೇಜಿಗೆ ಕೂತಿರೋದು, ಇಂಥ ನಡೆಯದ ಘಟನೆ ಮಾಡೋ ಹಾಗಿಲ್ಲ. ಅಭಿಪ್ರಾಯ ಹೇಳುವಾಗ ಬೆಳಕು, ನೆರಳು, ಅಳತೆ, ಅಂಚು ಆದಮೇಲೆ ಇಸವಿ ಮತ್ತು ವಯಸ್ಸು ಕೇಳಬೇಕು. ಕೊನೆಗೆ ಎಲ್ಲರೂ ಒಂದು ಪ್ರಶ್ನೆ ಕೇಳಬೇಕು: ಇದು ಸಾಕ್ಷಿನಾ, ಆಸೆನಾ?

ಇಸವಿ-ವಯಸ್ಸು ನೋಡೋ ಕೆಲಸ ಈಗ ಆ ಹುಡುಗಿದೇ. ಎಂಥಾ ಎಡಿಟ್ ಬಂದ್ರೂ ಅವಳು ಮೊದಲು ಕೇಳೋದು, 'ಈ ಮುಖ ಯಾವ ವರ್ಷದ್ದು?'

ಕೈಕುಲುಕಿಸಿದ ಹುಡುಗ ಒಂದು ವರ್ಷ ಪಂದ್ಯಕ್ಕೆ ಬರಲಿಲ್ಲ. ಅವನನ್ನ ಯಾರೂ ಬೈದಿರಲಿಲ್ಲ, ತಪ್ಪು ನನ್ನದು ಅಂತ ನಾನೇ ಎಲ್ಲರ ಮುಂದೆ ಹೇಳಿದ್ದೆ. ಆದರೂ ಬರಲಿಲ್ಲ. ಹೋದ ಸಲ ಬಂದ. ಅವನ ಅಜ್ಜಿ ಇದೇ ರಸ್ತೆಗಳನ್ನ ಗುಡಿಸಿದ ಪೌರಕಾರ್ಮಿಕರು, ಈಗ ಇಲ್ಲ. ಉಳಿದಿರೋದು ಕೆಲಸದ ಗುರುತಿನ ಚೀಟಿಯ ಸ್ಟ್ಯಾಂಪ್ ಸೈಜಿನ ಫೋಟೊ ಒಂದೇ. ಅದನ್ನ ತಗೊಂಡು, ಹಳೇ ಸ್ಟುಡಿಯೋ ಪರದೆ ಮುಂದೆ, ಕೆತ್ತನೆ ಕುರ್ಚಿಯ ಮೇಲೆ ಅಜ್ಜಿಯನ್ನ ಕೂರಿಸಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದ: 'ಜೋಡಿಸಿದ ಚಿತ್ರ. ಅಜ್ಜಿ ಕುರ್ಚಿ ಮೇಲೆ ಕೂತಿರೋ ಫೋಟೊ ನಮ್ಮನೇಲಿ ಇರಲಿಲ್ಲ.'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಿಯಮದ ಪ್ರಕಾರ ಶುರು ಮಾಡಿದ್ವಿ. ಸೀರೆ ನೆರಿಗೆ ಚೆನ್ನಾಗಿ ಕೂತಿದೆ ಅಂದ್ರು. ತಲೆಗೂದಲ ಅಂಚಿನಲ್ಲಿ ಬಿಳಿ ಗೆರೆ ಉಳಿದಿದೆ, ಫೆದರ್ ಕಡಿಮೆ ಮಾಡು ಅಂದ್ರು. ನಾನು ಹೇಳಿದೆ, 'ಅಜ್ಜಿ ಪಾದ ನೆಲಕ್ಕೆ ತಾಗ್ತಿಲ್ಲ ಕಣೋ, ಕೆಳಗೆ ಸ್ವಲ್ಪ ನೆರಳು ಕೊಡು.' ಅಲ್ಲೇ ಕೂತು ಸರಿಮಾಡಿದ. ಬೋಂಡಾ-ಟೀ ಅವನಿಗೇ.

ಆ ಚಿತ್ರ ಈಗ ನಮ್ಮ ರೂಮಿನ ಗೋಡೆ ಮೇಲಿದೆ, ಕೆಳಗಿನ ಸಾಲಿನ ಸಮೇತ.

ಕೊನೇ ಮಾತು. ಆ ನಾಲ್ವಡಿ-ಬಾಬಾಸಾಹೇಬರ ಚಿತ್ರ ನಿಮ್ಮ ಮೊಬೈಲಿಗೆ ಬಂದ್ರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಬೈಬೇಡಿ, ಅವರು ಪ್ರೀತಿಯಿಂದಲೇ ಕಳಿಸಿರ್ತಾರೆ. ಅದು ಕಾಟನ್‌ಪೇಟೆಯಲ್ಲಿ ಮಾಡಿದ ಎಡಿಟ್, ಮಾಡಿಸಿದವನೇ ಒಪ್ಪಿಕೊಂಡಿದ್ದಾನೆ ಅಂತ ಹೇಳಿ. ಬದಲಿಗೆ ಮಿಲ್ಲರ್ ಸಮಿತಿ ಬಗ್ಗೆ ಎರಡು ಸಾಲು ಬರೆದು ಕಳಿಸಿ.

ಜೈ ಭೀಮ್.